ಕಬ್ಬಿಣ ಕೈಚೆಲ್ಲುವ ಜಾಗ

ಶಿವಮೊಗ್ಗದ ದುರ್ಗಿಗುಡಿಯ ಯಾವುದಾದರೂ ಹಳೆಯ ಮನೆಯ ಅಟ್ಟದಲ್ಲಿ ಟ್ರಾನ್ಸಿಸ್ಟರ್ ರೇಡಿಯೊ ಇನ್ನೂ ಉಳಿದಿದ್ದರೆ ಅದರ ಬೆನ್ನು ಬಿಚ್ಚಿ ನೋಡಬೇಕು. ಒಳಗೆ ಮೇಲ್ಭಾಗದಲ್ಲಿ, ಪೆಟ್ಟಿಗೆಯ ಉದ್ದಕ್ಕೆ, ಒಂದು ಕಪ್ಪು ಕಡ್ಡಿ ಮಲಗಿರುತ್ತದೆ. ಅದರ ಸುತ್ತ ತೆಳ್ಳನೆಯ ತಾಮ್ರದ ತಂತಿ. ಆಕಾಶವಾಣಿ ಭದ್ರಾವತಿ 1965ರಲ್ಲಿ ಶುರುವಾದ ಮೇಲೆ ಈ ಊರಿನ ಬೆಳಗುಗಳನ್ನು ಮನೆಯೊಳಕ್ಕೆ ತಂದದ್ದು ಆ ಕಡ್ಡಿಯೇ. ಮೀಡಿಯಂ ವೇವ್‌ನಲ್ಲಿ ನಿಲಯದ ಜಾಗ 675 ಕಿಲೋಹರ್ಟ್ಸ್, ಅಂದರೆ ಅಲೆಯ ಉದ್ದ 444 ಮೀಟರ್. ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಉದ್ದದ ಅಲೆಯನ್ನು ಗೇಣುದ್ದದ ಕಡ್ಡಿ ಹಿಡಿದು ಕೊಡುತ್ತಿತ್ತು.

ರೇಡಿಯೊ ಗೊರಗೊರ ಎಂದಾಗ ಮನೆಯ ಹಿರಿಯರು ಅದನ್ನು ಎತ್ತಿ ಒಂದಿಷ್ಟು ತಿರುಗಿಸಿ ಇಡುತ್ತಿದ್ದರಲ್ಲ, ಅದರಲ್ಲಿ ಭೌತಶಾಸ್ತ್ರ ಇತ್ತು. ನಿಲಯದ ಗೋಪುರ ನೆಟ್ಟಗೆ ನಿಂತಿರುವುದರಿಂದ ಅಲೆಯ ವಿದ್ಯುತ್ ಕ್ಷೇತ್ರವೂ ನೆಟ್ಟಗೆ, ಮೇಲೆ ಕೆಳಗೆ ತೂಗುತ್ತದೆ. ಕಾಂತಕ್ಷೇತ್ರ ಮಾತ್ರ ನೆಲಕ್ಕೆ ಸಮವಾಗಿ, ಅಲೆ ಬರುವ ದಾರಿಗೆ ಅಡ್ಡಡ್ಡ ತೂಗುತ್ತದೆ. ಕಪ್ಪು ಕಡ್ಡಿ ಹೀರುವುದು ಈ ಕಾಂತಕ್ಷೇತ್ರವನ್ನು. ಶಿವಮೊಗ್ಗಕ್ಕೆ ಭದ್ರಾವತಿ ಆಗ್ನೇಯದಲ್ಲಿದೆ, ಇಪ್ಪತ್ತು ಕಿಲೋಮೀಟರಿನೊಳಗೆ. ಕಡ್ಡಿಯ ತುದಿ ಭದ್ರಾವತಿಯನ್ನು ನೋಡುತ್ತಿದ್ದರೆ ಸದ್ದು ಸಾಯುತ್ತದೆ. ಕಡ್ಡಿ ಈಶಾನ್ಯ ನೈರುತ್ಯಕ್ಕೆ ಮಲಗಿ ತನ್ನ ಮಗ್ಗುಲನ್ನು ಭದ್ರಾವತಿಗೆ ಕೊಟ್ಟರೆ ಸ್ವರ ತುಂಬಿ ಬರುತ್ತದೆ. ಅಲೆಗೆ ಎರಡು ಮುಖ ಇವೆ, ಒಂದು ವಿದ್ಯುತ್ತಿನದು, ಇನ್ನೊಂದು ಕಾಂತದ್ದು ಎಂಬುದನ್ನು ಇಷ್ಟು ಅಗ್ಗವಾಗಿ ತೋರಿಸುವ ಉಪಕರಣ ಇನ್ನೊಂದಿಲ್ಲ.

ಆ ಕಡ್ಡಿಯ ಹೆಸರು ಫೆರೈಟ್. ಕಬ್ಬಿಣದ ಆಕ್ಸೈಡಿಗೆ ಸತು, ನಿಕ್ಕಲ್ ಅಥವಾ ಮ್ಯಾಂಗನೀಸ್ ಬೆರೆಸಿ ಕುಲುಮೆಯಲ್ಲಿ ಸುಟ್ಟ ಪಿಂಗಾಣಿ ಅದು. ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿ 1923ರಿಂದ ಕಬ್ಬಿಣ ಎರೆದ ಊರು ಭದ್ರಾವತಿ. ಒಂದು ಕಾಲಕ್ಕೆ ಮ್ಯಾಂಗನೀಸ್ ಅಗೆದ ಕುಂಸಿಯೂ ಇದೇ ಜಿಲ್ಲೆಯದು. ಹಾಗಿದ್ದ ಮೇಲೆ ರೇಡಿಯೊಗೆ ಭದ್ರಾವತಿಯ ಕಬ್ಬಿಣದ ಸರಳನ್ನೇ ಹಾಕಬಹುದಿತ್ತಲ್ಲ, ಪಿಂಗಾಣಿ ಯಾಕೆ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ.

ಕಬ್ಬಿಣ ಒಳ್ಳೆಯ ಕಾಂತ, ಆದರೆ ಒಳ್ಳೆಯ ವಾಹಕವೂ ಹೌದು. ಬದಲಾಗುವ ಕಾಂತಕ್ಷೇತ್ರ ಅದರೊಳಗೆ ಸುಳಿ ವಿದ್ಯುತ್ತನ್ನು ಎಬ್ಬಿಸುತ್ತದೆ, ಆ ಸುಳಿಗಳು ಕ್ಷೇತ್ರವನ್ನು ಹೊರಗೇ ತಡೆಯುತ್ತವೆ. ಬೀದಿ ಕೊನೆಯ ಮೆಸ್ಕಾಂ ಟ್ರಾನ್ಸ್‌ಫಾರ್ಮರಿನಲ್ಲಿ ಸೆಕೆಂಡಿಗೆ ಬರೀ 50 ಸಲ ಹಿಂದೆ ಮುಂದೆ ತೂಗುವ ವಿದ್ಯುತ್ತಿಗೇ ಕಬ್ಬಿಣವನ್ನು ತೆಳು ಹಾಳೆಗಳಾಗಿ ಸೀಳಿ ಜೋಡಿಸಬೇಕಾಗುತ್ತದೆ. ಸೆಕೆಂಡಿಗೆ 6,75,000 ಸಲ ತೂಗುವ ಭದ್ರಾವತಿ ನಿಲಯದ ಅಲೆ ಗಟ್ಟಿ ಕಬ್ಬಿಣದೊಳಗೆ ಇಳಿಯುವುದು ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು ಅಷ್ಟೇ. ಒಳಗಿನ ಕಬ್ಬಿಣವೆಲ್ಲ ದಂಡ. ಫೆರೈಟ್‌ನಲ್ಲಿ ವಿದ್ಯುತ್ ಹರಿಯುವುದು ಬಹಳ ಕಷ್ಟ, ಹಾಗಾಗಿ ಆ ತೊಂದರೆ ಇಲ್ಲ.

ಫೆರೈಟ್‌ಗೂ ಒಂದು ಮಿತಿ ಇದೆ. ನೆದರ್ಲೆಂಡ್ಸ್‌ನ ಫಿಲಿಪ್ಸ್ ಪ್ರಯೋಗಾಲಯದ ಸ್ನೂಕ್ 1948ರಲ್ಲಿ ಅದನ್ನು ಬರೆದಿಟ್ಟ. ಕಾಂತಕ್ಷೇತ್ರಕ್ಕೆ ಹೆಚ್ಚು ಬಗ್ಗುವ ವಸ್ತು ಕಡಿಮೆ ಆವರ್ತನದಲ್ಲೇ ಸುಸ್ತಾಗುತ್ತದೆ. ಹೆಚ್ಚಿನ ಆವರ್ತನದವರೆಗೆ ತಾಳುವ ವಸ್ತು ಅಷ್ಟು ಬಗ್ಗುವುದಿಲ್ಲ. ಎರಡನ್ನೂ ಒಟ್ಟಿಗೆ ಕೇಳುವಂತಿಲ್ಲ. ಪರಮಾಣುಗಳ ಪುಟ್ಟ ಕಾಂತಗಳಿಗೆ ತಿರುಗಲು ಒಂದಿಷ್ಟು ಹೊತ್ತು ಬೇಕು, ಅಲೆ ಅದಕ್ಕೆ ಕಾಯುವುದಿಲ್ಲ.

ದುರ್ಗಿಗುಡಿಯಲ್ಲಿ ಈಗ ರೇಡಿಯೊ ರಿಪೇರಿಗಿಂತ ಮೊಬೈಲ್ ರಿಪೇರಿಯದೇ ಕಾರುಬಾರು. ಸ್ವಲ್ಪ ದುಬಾರಿ ಫೋನಿನ ಹಿಂಬದಿ ಮುಚ್ಚಳ ಬಿಚ್ಚಿದಾಗ ಅಂಟಿಕೊಂಡಿರುವ ಚಪ್ಪಟೆ ಸುರುಳಿ, ಅದರ ಹಿಂದೆ ಕಪ್ಪು ಪ್ಲಾಸ್ಟಿಕ್ಕಿನಂತೆ ಕಾಣುವ ಹಾಳೆ ಕಣ್ಣಿಗೆ ಬೀಳುತ್ತವೆ. ಆ ಹಾಳೆ ಸಾಮಾನ್ಯವಾಗಿ ಫೆರೈಟ್. ತಂತಿಯಿಲ್ಲದ ಚಾರ್ಜಿಂಗ್ ನಡೆಯುವುದು ನೂರು ಇನ್ನೂರು ಕಿಲೋಹರ್ಟ್ಸ್‌ನಲ್ಲಿ, ಅಂಗಡಿಯ ಯಂತ್ರಕ್ಕೆ ಫೋನ್ ತಾಗಿಸಿ ಹಣ ಕೊಡುವ ಎನ್ಎಫ್‌ಸಿ ನಡೆಯುವುದು 13.56 ಮೆಗಾಹರ್ಟ್ಸ್‌ನಲ್ಲಿ. ಅಲ್ಲಿಯವರೆಗೆ ಕಬ್ಬಿಣದ ವಂಶ ದುಡಿಯುತ್ತದೆ. ಅದೇ ಫೋನಿನ ಅಂಚಿನಲ್ಲಿರುವ ವೈಫೈ ಆಂಟೆನಾ 2.4 ಗಿಗಾಹರ್ಟ್ಸ್‌ನದು, 5ಜಿ ಆಂಟೆನಾ 3.5 ಗಿಗಾಹರ್ಟ್ಸ್ ಆಸುಪಾಸಿನದು. ಅಲ್ಲಿ ಹುಡುಕಿದರೂ ಫೆರೈಟ್ ಸಿಗುವುದಿಲ್ಲ, ಬರೀ ತಾಮ್ರದ ಗೆರೆಗಳು. ಕಬ್ಬಿಣ ಕೈಚೆಲ್ಲಿದ ಜಾಗ ಅದು.

ಆ ಜಾಗದಲ್ಲೂ ಕಾಂತ ಬೇಕೆಂದರೆ ಮೊದಲು ಅಲೆಯ ಲೆಕ್ಕ ನೋಡಬೇಕು. ಒಂದು ವಸ್ತುವಿನೊಳಗೆ ಅಲೆ ಹೇಗೆ ಸಾಗಬೇಕು ಎಂದು ತೀರ್ಮಾನಿಸುವುದು ಎರಡು ಸಂಖ್ಯೆ. ವಿದ್ಯುತ್ ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಎನ್ನುವುದಕ್ಕೆ ಎಪ್ಸಿಲಾನ್, ಕಾಂತಕ್ಷೇತ್ರಕ್ಕೆ ಎಷ್ಟು ಎನ್ನುವುದಕ್ಕೆ ಮ್ಯೂ. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ವಕ್ರೀಭವನಾಂಕ. ಪಿಯುಸಿಯಲ್ಲಿ ಗಾಜಿನ ಪಟ್ಟಕದ ಲೆಕ್ಕ ಮಾಡುವಾಗ ಮ್ಯೂ ಎಲ್ಲೂ ತಲೆ ಹಾಕುವುದಿಲ್ಲ, ಯಾಕೆಂದರೆ ಬೆಳಕಿನ ಮಟ್ಟಿಗೆ ಪ್ರಕೃತಿಯಲ್ಲಿ ಎಲ್ಲದರ ಮ್ಯೂ ಹೆಚ್ಚು ಕಡಿಮೆ 1. ಗಾಜಿಗೂ 1, ನೀರಿಗೂ 1, ಆ ಆವರ್ತನದಲ್ಲಿ ಕಬ್ಬಿಣಕ್ಕೂ 1. ಮ್ಯಾಕ್ಸ್‌ವೆಲ್ ಕೊಟ್ಟ ಸಮೀಕರಣದ ಅರ್ಧ ಭಾಗವನ್ನು ದೃಗ್ವಿಜ್ಞಾನ ಬಳಸದೆಯೇ ಇಟ್ಟಿತ್ತು.

ಆ ಅರ್ಧವನ್ನು ತೆರೆದವನು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಜಾನ್ ಪೆಂಡ್ರಿ. ರೇಡಾರ್ ಅಲೆಯನ್ನು ನುಂಗುವ ಇಂಗಾಲದ ನಾರಿನ ಲೇಪ ಯಾಕೆ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ, ವಿವರಿಸಿ ಎಂದು ಮಾರ್ಕೋನಿ ಕಂಪನಿಯವರು ಕೇಳಿದ್ದರು. ಉತ್ತರ ಇಂಗಾಲದಲ್ಲಿ ಇರಲಿಲ್ಲ, ನಾರುಗಳ ಜೋಡಣೆಯಲ್ಲಿತ್ತು. ಅಲ್ಲಿಂದ ಮುಂದೆ, 1999ರಲ್ಲಿ, ಅವನೂ ಮಾರ್ಕೋನಿಯ ಸಂಗಡಿಗರೂ ಒಂದು ವಿಚಿತ್ರ ಪಾಕ ಬರೆದರು. ಕಾಂತಕ್ಕೆ ಕ್ಯಾರೇ ಅನ್ನದ ತಾಮ್ರವನ್ನು ತೆಗೆದುಕೊಂಡು, ಸಣ್ಣ ಉಂಗುರ ಮಾಡಿ, ಉಂಗುರದ ಒಂದು ಕಡೆ ಸೀಳು ಬಿಡಿ. ಅದರೊಳಗೆ, ಎದುರು ದಿಕ್ಕಿಗೆ ಸೀಳು ಬಿಟ್ಟ ಇನ್ನೊಂದು ಉಂಗುರ ಕೂಡಿಸಿ. ಇಂಥವನ್ನು ಸಾಲುಸಾಲಾಗಿ ಜೋಡಿಸಿ. ಅಲೆಯ ಉದ್ದಕ್ಕೆ ಹೋಲಿಸಿದರೆ ಉಂಗುರಗಳು ಬಹಳ ಚಿಕ್ಕವಾಗಿದ್ದರೆ ಅಲೆಗೆ ಬಿಡಿ ಉಂಗುರ ಕಾಣುವುದೇ ಇಲ್ಲ. ಇಡೀ ಸಾಲು ಒಂದು ವಸ್ತುವಾಗಿ, ಅದೂ ಕಾಂತೀಯ ವಸ್ತುವಾಗಿ ತೋರುತ್ತದೆ.

ಇದು ಹೇಗೆ ಆಗುತ್ತದೆ ಎನ್ನುವುದು ಈ ಕಥೆಯ ತಿರುಳು, ಇಲ್ಲಿ ಅವಸರ ಮಾಡುವಂತಿಲ್ಲ. ಅಲೆಯ ಕಾಂತಕ್ಷೇತ್ರ ಉಂಗುರದ ನಡುವೆ ಹಾದು ಏರಿಳಿದಾಗ ಉಂಗುರದಲ್ಲಿ ವಿದ್ಯುತ್ ಹರಿಯುತ್ತದೆ. ಸೀಳಿನ ಹತ್ತಿರ ಆ ವಿದ್ಯುತ್ತಿಗೆ ದಾರಿ ಇಲ್ಲ, ಆವೇಶ ಅಲ್ಲೇ ಗುಂಪುಗೂಡುತ್ತದೆ, ಮತ್ತೆ ಹಿಂದಕ್ಕೆ ಹರಿಯುತ್ತದೆ. ಉಂಗುರ ಒಂದು ಇಂಡಕ್ಟರ್, ಸೀಳು ಒಂದು ಕೆಪಾಸಿಟರ್. ಎರಡೂ ಸೇರಿದರೆ ರೇಡಿಯೊದಲ್ಲಿ ನಿಲಯ ಹುಡುಕುವ ಟ್ಯೂನಿಂಗ್ ಮಂಡಲ. 2 ನ್ಯಾನೊಹೆನ್ರಿ ಮತ್ತು 0.125 ಪಿಕೊಫ್ಯಾರಡ್ ಎಂದು ಇಟ್ಟುಕೊಂಡರೆ ಅದು ಮಿಡಿಯುವುದು 10 ಗಿಗಾಹರ್ಟ್ಸ್‌ನಲ್ಲಿ. ಕೆಲವೇ ಮಿಲಿಮೀಟರಿನ ಉಂಗುರಕ್ಕೆ ಈ ಬೆಲೆಗಳು ಸಹಜ. ವೃತ್ತಾಕಾರದಲ್ಲಿ ಓಡುವ ವಿದ್ಯುತ್ತೇ ಕಾಂತ ತಾನೇ? ಪರಮಾಣುವಿನೊಳಗಿನ ಕಾಂತದ ಕೆಲಸವನ್ನು ಇಲ್ಲಿ ಉಂಗುರದ ವಿದ್ಯುತ್ ಮಾಡುತ್ತದೆ. ಪರಮಾಣುವಿಗಿಂತ ಉಂಗುರಕ್ಕೆ ಒಂದು ಹೆಚ್ಚುಗಾರಿಕೆ: ಎಲ್ಲಿ ಮಿಡಿಯಬೇಕು ಎಂದು ನಾವೇ ಗೆರೆ ಎಳೆದು ನಿಗದಿ ಮಾಡಬಹುದು.

ನಾಗರಪಂಚಮಿಯ ಉಯ್ಯಾಲೆಯನ್ನು ನೆನೆಯಿರಿ. ಅದರ ಸಹಜ ಲಯಕ್ಕಿಂತ ನಿಧಾನವಾಗಿ ತಳ್ಳಿದರೆ ಉಯ್ಯಾಲೆ ಕೈ ಹೋದ ಕಡೆಗೇ ಹೋಗುತ್ತದೆ. ಲಯಕ್ಕಿಂತ ಬೇಗ ಬೇಗ ತಳ್ಳತೊಡಗಿದರೆ ಕೈ ಮುಂದೆ ಹೋಗುವಾಗ ಉಯ್ಯಾಲೆ ಹಿಂದಕ್ಕೆ ಬರುತ್ತಿರುತ್ತದೆ. ಉಂಗುರದ್ದೂ ಇದೇ ಹಾಡು. ಅನುರಣನೆಯ ಆವರ್ತನಕ್ಕಿಂತ ಸ್ವಲ್ಪ ಕೆಳಗೆ ಅದು ಕಾಂತಕ್ಷೇತ್ರದ ಪರ ನಿಲ್ಲುತ್ತದೆ, ಮ್ಯೂ 1ಕ್ಕಿಂತ ಹೆಚ್ಚಾಗುತ್ತದೆ. ಸ್ವಲ್ಪ ಮೇಲೆ ತಿರುಗಿಬೀಳುತ್ತದೆ, ಅದೂ ಎಷ್ಟು ಜೋರಾಗಿ ಎಂದರೆ ಒಂದು ಕಿರಿದಾದ ಪಟ್ಟಿಯಲ್ಲಿ ಮ್ಯೂ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ.

ಇಂಥ ಉಂಗುರ ತಯಾರಿಸಲು ದೊಡ್ಡ ಕಾರ್ಖಾನೆ ಬೇಡ. ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಸರ್ಕ್ಯೂಟ್ ಬೋರ್ಡ್ ಮಾಡುವ ಹಾಗೆಯೇ, ತಾಮ್ರ ಲೇಪಿಸಿದ ಫೈಬರ್ ಹಲಗೆಯ ಮೇಲೆ ಆಕಾರ ಬರೆದು ಬೇಡದ ತಾಮ್ರವನ್ನು ದ್ರಾವಣದಲ್ಲಿ ಕರಗಿಸಿದರೆ ಸಾಕು. ಆ ದ್ರಾವಣ ಫೆರಿಕ್ ಕ್ಲೋರೈಡ್, ಕಬ್ಬಿಣದ ಲವಣ. ಕಾಂತ ತಯಾರಾಗುವಾಗ ಕಬ್ಬಿಣಕ್ಕೆ ಉಳಿದ ಪಾತ್ರ ತಾಮ್ರವನ್ನು ತಿಂದು ಹಾಕುವುದು ಮಾತ್ರ! ಹೀಗೆ ಆಕಾರದಿಂದ ಗುಣ ಪಡೆಯುವ ವಸ್ತುಗಳಿಗೆ ಮೆಟಾಮೆಟೀರಿಯಲ್ ಎಂದು ಹೆಸರು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಆ ಹೆಸರಿನ ಪ್ರಾಜೆಕ್ಟುಗಳಿಗೆ ಕೊರತೆ ಇಲ್ಲ. ಹೆಚ್ಚಿನವು ಸಾಫ್ಟ್‌ವೇರಿನ ಬಣ್ಣದ ಚಿತ್ರದಲ್ಲೇ ಮುಗಿಯುತ್ತವೆ ಎನ್ನುವುದು ನನ್ನ ದೂರು. ಒಂದು ಸೆಂಟಿಮೀಟರಿನ ಆಸುಪಾಸಿನ ಉಂಗುರ ವೈಫೈ ಆವರ್ತನದಲ್ಲಿ ಮಿಡಿಯುತ್ತದೆ, ಹಲಗೆಯ ಚೂರಿಗೆ ಒಂದು ಊಟದ ದುಡ್ಡೂ ಆಗುವುದಿಲ್ಲ. ಕೈಯಲ್ಲಿ ಮಾಡಿ ಅಳೆಯಬಾರದೇ?

ಮ್ಯೂ ಋಣವಾದರೆ ಅಲೆಗೆ ಏನಾಗುತ್ತದೆ? ಎಪ್ಸಿಲಾನ್ ಧನ, ಮ್ಯೂ ಋಣ ಎಂದಾದರೆ ಗುಣಲಬ್ಧ ಋಣ, ಅದಕ್ಕೆ ನಿಜವಾದ ವರ್ಗಮೂಲ ಇಲ್ಲ, ಅಲೆ ಮುಂದೆ ಹೋಗುವುದಿಲ್ಲ. ಹೊಸ್ತಿಲಿನಲ್ಲೇ ಕುಂದಿ ಹಿಂದಕ್ಕೆ ಪ್ರತಿಫಲಿಸುತ್ತದೆ. ಎರಡೂ ಋಣವಾದರೆ ಗುಣಲಬ್ಧ ಮತ್ತೆ ಧನ, ಅಲೆ ಮತ್ತೆ ಸಾಗುತ್ತದೆ. ಆದರೆ ಮೊದಲಿನ ಹಾಗಲ್ಲ. ಮಾಸ್ಕೋದ ವಿಕ್ಟರ್ ವೆಸೆಲಾಗೊ 1967ರಲ್ಲಿ ಕಾಗದದ ಮೇಲೆ ಇದನ್ನು ಬಿಡಿಸಿಟ್ಟಿದ್ದ. ಅಂಥ ವಸ್ತುವಿನಲ್ಲಿ ಶಕ್ತಿ ಮೂಲದಿಂದ ದೂರಕ್ಕೆ ಹರಿಯುತ್ತಿದ್ದರೂ ಅಲೆಯ ಏರುಗಳು ಮೂಲದ ಕಡೆಗೇ ನಡೆದು ಬರುತ್ತವೆ. ಕಿರಣ ಒಳಹೊಕ್ಕಾಗ ಲಂಬರೇಖೆಯ ಆಚೆ ಬದಿಗೆ ಹೋಗದೆ ಬಂದ ಬದಿಗೇ ಬಾಗುತ್ತದೆ. ಉಬ್ಬು ಮಸೂರ ಬೆಳಕನ್ನು ಚದುರಿಸುತ್ತದೆ, ಚಪ್ಪಟೆ ಹಲಗೆ ಬೆಳಕನ್ನು ಒಟ್ಟುಗೂಡಿಸುತ್ತದೆ. ವೆಸೆಲಾಗೊ ಕಾಂತೀಯ ಅರೆವಾಹಕಗಳಲ್ಲಿ ಇಂಥದ್ದನ್ನು ಹುಡುಕಿದ. ಸಿಗಲಿಲ್ಲ. ಎಪ್ಸಿಲಾನ್ ಋಣವಾಗುವ ಲೋಹಗಳು ಬೇಕಾದಷ್ಟಿದ್ದವು, ಅದೇ ಆವರ್ತನದಲ್ಲಿ ಮ್ಯೂ ಕೂಡ ಋಣವಾಗುವ ವಸ್ತು ನಿಸರ್ಗದಲ್ಲಿ ಕೈಗೆ ಬರಲಿಲ್ಲ.

ಪೆಂಡ್ರಿಯ ಉಂಗುರ ಬಂದ ಮೇಲೆ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಸ್ಮಿತ್, ಶೆಲ್ಡನ್ ಶುಲ್ಟ್ಸ್ ಮತ್ತು ರಿಚರ್ಡ್ ಶೆಲ್ಬಿ ಉಂಗುರ ಮತ್ತು ತಾಮ್ರದ ಪಟ್ಟಿಗಳನ್ನು ಜೊತೆಗೂಡಿಸಿದರು. ಉಂಗುರ ಮ್ಯೂವನ್ನು, ಪಟ್ಟಿ ಎಪ್ಸಿಲಾನನ್ನು ಋಣಕ್ಕೆ ಇಳಿಸುತ್ತವೆ. 2001ರಲ್ಲಿ ಅದರಿಂದ ಪಟ್ಟಕ ಮಾಡಿ 10.5 ಗಿಗಾಹರ್ಟ್ಸ್ ಅಲೆಯನ್ನು ಹಾಯಿಸಿದರು. ಅದೇ ಆಕಾರದ ಟೆಫ್ಲಾನ್ ಪಟ್ಟಕದಿಂದ ಕಿರಣ 27 ಡಿಗ್ರಿ ಈ ಕಡೆಗೆ ಬಾಗಿ ಬಂದಿತ್ತು. ಇದರಿಂದ 61 ಡಿಗ್ರಿ ಆ ಕಡೆಗೆ ಬಂತು. ವಕ್ರೀಭವನಾಂಕ ಮೈನಸ್ 2.7. ಅಲೆಯ ಉದ್ದ ಮೂರು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ, ಉಂಗುರದ ಅಗಲ ಎರಡೂವರೆ ಮಿಲಿಮೀಟರ್ ಚಿಲ್ಲರೆ.

ಉಂಗುರಗಳ ಸಾಲಿನಲ್ಲಿ ಸಾಗುವ ಇನ್ನೊಂದು ಬಗೆಯ ಅಲೆ ಇದೆ, ಪತ್ರಿಕೆಗಳಲ್ಲಿ ಅದರ ಸುದ್ದಿ ಬಂದದ್ದು ಕಡಿಮೆ. ಒಂದು ಉಂಗುರದ ಕಾಂತಕ್ಷೇತ್ರ ಪಕ್ಕದ ಉಂಗುರವನ್ನು ಹಾದು ಅಲ್ಲಿ ವಿದ್ಯುತ್ ಎಬ್ಬಿಸುತ್ತದೆ, ಅದು ಅದರ ಪಕ್ಕದ್ದನ್ನು ಎಬ್ಬಿಸುತ್ತದೆ. ಹೀಗೆ ಉಂಗುರದಿಂದ ಉಂಗುರಕ್ಕೆ ಕೈ ದಾಟುತ್ತ ಒಂದು ಅಲೆ ಹೊರಡುತ್ತದೆ. 2002ರಲ್ಲಿ ಎಕಟೆರಿನಾ ಶಮೋನಿನಾ, ಲಾಸ್ಲೊ ಸೋಲಿಮಾರ್ ಮತ್ತು ಸಂಗಡಿಗರು ಇದರ ಗಣಿತ ಕೊಟ್ಟರು. ಜೋಡಣೆಯೇ ಇಲ್ಲಿ ದಿಕ್ಕು ನಿರ್ಧರಿಸುತ್ತದೆ. ಉಂಗುರಗಳನ್ನು ಒಂದರ ಹಿಂದೆ ಒಂದು, ಒಂದೇ ಅಕ್ಷದ ಮೇಲೆ ಪೋಣಿಸಿದರೆ ಕ್ಷೇತ್ರ ನೆರೆಯ ಉಂಗುರವನ್ನು ಅದೇ ದಿಕ್ಕಿನಲ್ಲಿ ಹಾಯುತ್ತದೆ, ಅಲೆ ಸಾಮಾನ್ಯ ರೀತಿಯಲ್ಲಿ ಮುಂದುವರಿಯುತ್ತದೆ. ಮೇಜಿನ ಮೇಲೆ ಮಗ್ಗುಲು ಮಗ್ಗುಲಾಗಿ ಚಪ್ಪಟೆ ಮಲಗಿಸಿದರೆ ಮೊದಲ ಉಂಗುರದಿಂದ ಮೇಲೆದ್ದ ಬಲರೇಖೆ ಬಾಗಿ ನೆರೆಯ ಉಂಗುರದೊಳಗೆ ಕೆಳಮುಖವಾಗಿ ಇಳಿಯುತ್ತದೆ; ಆಗ ಏರುಗಳು ಹಿಂದಕ್ಕೂ ಶಕ್ತಿ ಮುಂದಕ್ಕೂ ಹೋಗುತ್ತವೆ. ತಾಮ್ರ ಅದೇ, ಉಂಗುರ ಅದೇ. ಮಲಗಿಸಿದ ರೀತಿ ಬೇರೆ ಅಷ್ಟೇ.

ಇದೆಲ್ಲದರ ನಿಜವಾದ ಉಪಯೋಗ ಎಲ್ಲಿ ಎಂದರೆ ನಾನು ಮೊದಲು ತೋರಿಸುವುದು ಎಂಆರ್‌ಐ ಯಂತ್ರವನ್ನು. ದೇಹದ ಹೈಡ್ರೋಜನ್ ಪರಮಾಣುಗಳು ಯಂತ್ರದ ಬಲವಾದ ಸ್ಥಿರ ಕಾಂತಕ್ಷೇತ್ರದಲ್ಲಿ ಒಂದು ನಿಗದಿತ ಆವರ್ತನದಲ್ಲಿ ಮಿಡಿಯುತ್ತವೆ: ಅರ್ಧ ಟೆಸ್ಲಾ ಯಂತ್ರದಲ್ಲಿ 21.3 ಮೆಗಾಹರ್ಟ್ಸ್, ಒಂದೂವರೆ ಟೆಸ್ಲಾದಲ್ಲಿ ಸುಮಾರು 64. ಆ ಕ್ಷೀಣ ಮಿಡಿತವನ್ನು ಹಿಡಿದು ಗ್ರಾಹಕ ಸುರುಳಿಯವರೆಗೆ ಒಯ್ಯಲು ಕಾಂತೀಯ ವಸ್ತು ಇದ್ದರೆ ಅನುಕೂಲ. ಆದರೆ ಆ ಕೋಣೆಯೊಳಗೆ ಕಬ್ಬಿಣ ತರುವಂತಿಲ್ಲ. ಯಂತ್ರ ಅದನ್ನು ಸೆಳೆದುಕೊಳ್ಳುತ್ತದೆ, ಸ್ಥಿರ ಕ್ಷೇತ್ರವೂ ಕೆಡುತ್ತದೆ. ಫೆರೈಟಿಗೂ ಇದೇ ಗತಿ. ಪೆಂಡ್ರಿಯ ಜೊತೆಗಾರ ಮೈಕ್ ವಿಲ್ಟ್‌ಶೈರ್ ಮತ್ತು ತಂಡ 2001ರಲ್ಲಿ ಲೋಹ ಲೇಪಿಸಿದ ತೆಳು ಹಾಳೆಯನ್ನು ಸಣ್ಣ ಕೊಳವೆಗಳಾಗಿ ಸುತ್ತಿ, ಅವುಗಳ ಕಟ್ಟನ್ನು 21.3 ಮೆಗಾಹರ್ಟ್ಸ್‌ಗೆ ಟ್ಯೂನ್ ಮಾಡಿ, ಎಂಆರ್‌ಐ ಯಂತ್ರದೊಳಗೆ ಇಟ್ಟಿತು. ಸ್ಥಿರ ಕಾಂತಕ್ಷೇತ್ರಕ್ಕೆ ಆ ಕಟ್ಟು ಇದೆಯೋ ಇಲ್ಲವೋ ಗೊತ್ತೇ ಆಗಲಿಲ್ಲ. ಮಿಡಿತದ ಆವರ್ತನಕ್ಕೆ ಮಾತ್ರ ಅದು ಕಾಂತವಾಗಿ ಎಚ್ಚೆತ್ತು, ದೇಹದಿಂದ ಬಂದ ಬಲರೇಖೆಗಳನ್ನು ಕೊಳವೆಯುದ್ದಕ್ಕೆ ಸುರುಳಿಯವರೆಗೆ ಸಾಗಿಸಿತು. ಒಂದೇ ಒಂದು ಸ್ವರಕ್ಕೆ ಕಾಂತ, ಉಳಿದ ಎಲ್ಲಕ್ಕೂ ನಿರ್ಲಿಪ್ತ. ಕಬ್ಬಿಣಕ್ಕೆ ಇಂಥ ಶಿಸ್ತು ಕಲಿಸಲಾಗದು.

ಪತ್ರಿಕೆಗಳಿಗೆ ರುಚಿಸಿದ್ದು ಇದಲ್ಲ, 2006ರ ಅದೃಶ್ಯ ಹೊದಿಕೆ. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಶೂರಿಗ್, ಸ್ಮಿತ್ ಮತ್ತಿತರರು ತಾಮ್ರದ ಸಿಲಿಂಡರ್ ಒಂದನ್ನು ಉಂಗುರಗಳ ಹತ್ತು ಸುತ್ತುಗೋಡೆಗಳ ನಡುವೆ ಇಟ್ಟರು. ಮ್ಯೂ ಒಳಗೋಡೆಯಲ್ಲಿ ಸೊನ್ನೆಗೆ ಹತ್ತಿರ, ಹೊರಗೋಡೆಯಲ್ಲಿ 0.28ರ ಸುಮಾರು. 8.5 ಗಿಗಾಹರ್ಟ್ಸ್ ಅಲೆ ಸಿಲಿಂಡರನ್ನು ಬಳಸಿ ಆಚೆ ಹೋಗಿ ಮತ್ತೆ ಕೂಡಿಕೊಂಡಿತು. ಕಣ್ಣಿಗೆ ಎಲ್ಲವೂ ನಿಚ್ಚಳವಾಗಿ ಕಾಣುತ್ತಿತ್ತು ಬಿಡಿ. ಒಂದೇ ಆವರ್ತನ, ಒಂದೇ ಧ್ರುವೀಕರಣ, ನೆರಳು ಪೂರ್ತಿ ಅಳಿದದ್ದೂ ಇಲ್ಲ. ಲೆಕ್ಕ ಸೊಗಸಾಗಿತ್ತು, ಮಾಯಾ ಕಂಬಳಿಯ ತಲೆಬರಹಗಳು ಅತಿಯಾದವು.

ವಸ್ತುವಿನ ಗುಣವನ್ನು ಆಕಾರದಿಂದ ಕಟ್ಟುವ ಯೋಚನೆಗೆ ನಮ್ಮ ದೇಶದಲ್ಲೂ ಹಳೆಯ ಬೇರು ಇದೆ. ಜಗದೀಶ ಚಂದ್ರ ಬೋಸ್ 1898ರಲ್ಲಿ ಹೊಸೆದ ಸೆಣಬಿನ ಕಟ್ಟಿನ ಮೂಲಕ ಮೈಕ್ರೋವೇವ್ ಹಾಯಿಸಿ, ಅದರ ಕಂಪನದ ತಲ ತಿರುಗುವುದನ್ನು ತೋರಿಸಿದ್ದರು. ಸೆಣಬಿನಲ್ಲಿ ಏನೂ ಇರಲಿಲ್ಲ, ಹೊಸೆತದಲ್ಲಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಅಧ್ಯಯನಕ್ಕೆ ಬುನಾದಿ ಹಾಕಿದವರಲ್ಲಿ ರಾಜೇಶ್ವರಿ ಚಟರ್ಜಿ ಒಬ್ಬರು. 1922ರಲ್ಲಿ ಹುಟ್ಟಿದ ಈ ಕನ್ನಡತಿ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮಿಷಿಗನ್‌ನಲ್ಲಿ ಪಿಎಚ್‌ಡಿ ಮುಗಿಸಿ 1953ರಲ್ಲಿ ಮರಳಿದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರ ಜೊತೆ ಆಂಟೆನಾಗಳ ಮೇಲೆ ದಶಕಗಳ ಕಾಲ ದುಡಿದರು, ಪಠ್ಯಗಳನ್ನು ಬರೆದರು. ಅದೇ ಊರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡಿದ ಎಸ್. ಅನಂತ ರಾಮಕೃಷ್ಣ ಲಂಡನ್ನಿಗೆ ಹೋಗಿ ಪೆಂಡ್ರಿಯ ಜೊತೆಗೇ ಕೆಲಸ ಮಾಡಿದರು, ಆಮೇಲೆ ಕಾನ್ಪುರ ಐಐಟಿಯಲ್ಲಿ ಪ್ರಾಧ್ಯಾಪಕರಾದರು, 2016ರಲ್ಲಿ ಭಟ್ನಾಗರ್ ಪ್ರಶಸ್ತಿ ಪಡೆದರು.

ಅನಂತ ರಾಮಕೃಷ್ಣ ಮತ್ತು ಪೆಂಡ್ರಿ ತಲೆಕೆಡಿಸಿಕೊಂಡ ಸಮಸ್ಯೆಯೇ ಈ ಕ್ಷೇತ್ರದ ತಲೆನೋವು: ನಷ್ಟ. ಉಂಗುರ ಚೆನ್ನಾಗಿ ಮಿಡಿಯುವ ಆವರ್ತನದಲ್ಲೇ ಲೋಹದ ರೋಧ ಹೆಚ್ಚು ಶಕ್ತಿಯನ್ನು ಬಿಸಿಯಾಗಿ ನುಂಗುತ್ತದೆ. ಋಣ ವಕ್ರೀಭವನದ ಚಪ್ಪಟೆ ಮಸೂರ ಅಲೆಯ ಉದ್ದಕ್ಕಿಂತ ಚಿಕ್ಕ ವಿವರವನ್ನೂ ತೋರಿಸಬಲ್ಲದು ಎಂದು ಪೆಂಡ್ರಿ 2000ದಲ್ಲಿ ಹೇಳಿದ್ದ. ಆ ಸೂಕ್ಷ್ಮ ವಿವರ ಹೊತ್ತು ತರುವ ಕುಂದುವ ಕ್ಷೇತ್ರಗಳನ್ನು ಮೊದಲು ಕೊಲ್ಲುವುದು ಈ ನಷ್ಟವೇ. ಮಸೂರವನ್ನು ತೆಳು ಪದರಗಳಾಗಿ ಹಂಚಿ, ನಡುವೆ ಲೇಸರಿನಲ್ಲಿರುವಂತೆ ಬೆಳಕನ್ನು ವರ್ಧಿಸುವ ವಸ್ತು ಇಟ್ಟರೆ ನಷ್ಟ ತುಂಬಿಕೊಳ್ಳಬಹುದು ಎಂದು ಇಬ್ಬರೂ 2003ರಲ್ಲಿ ಸೂಚಿಸಿದರು.

ಉಂಗುರವನ್ನು ಚಿಕ್ಕದು ಮಾಡುತ್ತ ಹೋದರೆ ಕಣ್ಣಿಗೆ ಕಾಣುವ ಬೆಳಕಿಗೂ ಕಾಂತ ಸಿಗಬೇಕಲ್ಲವೇ? ಸ್ವಲ್ಪ ದೂರ ಸಿಕ್ಕಿತು. 2004ರಲ್ಲಿ ಚಿನ್ನದ ಉಂಗುರಗಳು 100 ಟೆರಾಹರ್ಟ್ಸ್‌ನಲ್ಲಿ, ಅಂದರೆ ಅವಕೆಂಪಿನಲ್ಲಿ ಮಿಡಿದವು. ಅಲ್ಲಿಂದ ಮೇಲೆ ಲೋಹವೂ ಸೋಲತೊಡಗಿತು. ಅಷ್ಟು ವೇಗದಲ್ಲಿ ದಿಕ್ಕು ಬದಲಿಸಲು ಇಲೆಕ್ಟ್ರಾನಿನ ಜಡತ್ವವೇ ಅಡ್ಡ ಬರುತ್ತದೆ, ಉಂಗುರ ಎಷ್ಟು ಕುಗ್ಗಿದರೂ ಆವರ್ತನ ಏರುವುದಿಲ್ಲ. ದಾರಿ ಸಿಕ್ಕಿದ್ದು ಲೋಹವನ್ನೇ ಬಿಟ್ಟಾಗ. ಸಿಲಿಕಾನಿನ ಪುಟ್ಟ ಗೋಳದೊಳಗೆ ಬೆಳಕಿನ ವಿದ್ಯುತ್ ಕ್ಷೇತ್ರ ತಾನೇ ಸುತ್ತು ಹಾಕಿ ಉಂಗುರವಾಗುತ್ತದೆ, ಅದರ ನಡುವೆ ಕಾಂತಕ್ಷೇತ್ರ ಏಳುತ್ತದೆ. 2012ರಲ್ಲಿ ಸಿಂಗಪುರದ ತಂಡವೊಂದು 100ರಿಂದ 200 ನ್ಯಾನೊಮೀಟರ್ ಗಾತ್ರದ ಅಂಥ ಗೋಳಗಳನ್ನು ಸೂಕ್ಷ್ಮದರ್ಶಕದ ಕೆಳಗೆ ತೋರಿಸಿತು. ಚಿಕ್ಕ ಗೋಳದ ಕಾಂತೀಯ ಅನುರಣನೆ ನೀಲಿಯಲ್ಲಿ ಕಂಡಿತು. ಗೋಳ ದೊಡ್ಡದಾದಂತೆ ಅದು ಹಸಿರಿಗೆ, ಹಳದಿಗೆ, ಕೆಂಪಿಗೆ ಸರಿಯಿತು.